ಗಾಜಿನೊಳಗಿನ ಹಸಿರು

ಮನೆಯೊಳಗೊಂದು ಗಿಡವನ್ನಿರಿಸಿಕೊಳ್ಳಬೇಕೆಂಬ ಬಯಕೆ ಬಹು ಹಳೆಯದು. ಆದರೆ ಆ ಗಿಡ ಅಲಂಕಾರಕ್ಕಷ್ಟೇ ಅಲ್ಲ, ದಣಿದ ಮನಸ್ಸಿನ ಆರೈಕೆಗೂ ಒದಗಬಲ್ಲದೆಂಬ ವಿಚಾರಕ್ಕೆ ತನ್ನದೇ ಆದ ಒಂದು ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ಆರಂಭವಾಗುವುದು ಉದ್ಯಾನದಲ್ಲಲ್ಲ. ಹೊಗೆ ಮುಸುಕಿದ ಲಂಡನ್ ನಗರದ ಪೂರ್ವಭಾಗದಲ್ಲಿ.

ಥೇಮ್ಸ್ ನದಿಯ ಹಡಗುಕಟ್ಟೆಗಳ ಸಮೀಪ, ವೆಲ್‌ಕ್ಲೋಸ್ ಚೌಕದಲ್ಲಿ, ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬ ವೈದ್ಯನಿದ್ದನು. ಸಸ್ಯಗಳೆಂದರೆ ಅವನಿಗೆ ಬಾಲ್ಯದಿಂದಲೂ ಪ್ರೀತಿ. ಹಿತ್ತಿಲಿನಲ್ಲಿ ಕಲ್ಲುಗಳನ್ನು ಜೋಡಿಸಿ ಜರೀಗಿಡಗಳನ್ನೂ ಹಾವಸೆಯನ್ನೂ ಬೆಳೆಸಲು ಯತ್ನಿಸಿದನು. ಕಾರ್ಖಾನೆಗಳ ಹೊಗೆಗೆ ಅವು ಒಂದೊಂದಾಗಿ ಸತ್ತವು. 1829ರಲ್ಲಿ ಅವನು ಪತಂಗವೊಂದರ ಕೋಶವನ್ನು ಒದ್ದೆಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದನು. ಕೆಲದಿನಗಳಲ್ಲಿ ಆ ಮಣ್ಣಿನಲ್ಲಿ ತಾನಾಗಿಯೇ ಒಂದು ಜರೀಗಿಡವೂ ಒಂದು ಹುಲ್ಲಿನ ಎಸಳೂ ತಲೆಯೆತ್ತಿದವು. ಹಗಲಿನ ಬಿಸಿಗೆ ಮಣ್ಣಿನ ತೇವ ಆವಿಯಾಗಿ ಮೇಲೇರಿ, ಗಾಜಿನ ಮೇಲೆ ಹನಿಗಟ್ಟಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಯಾರೂ ನೀರೆರೆಯದಿದ್ದರೂ ಆ ಪುಟ್ಟ ಲೋಕ ಸುಮಾರು ನಾಲ್ಕು ವರ್ಷ ಬಾಳಿತು.

1833ರಲ್ಲಿ ಇಂತಹ ಎರಡು ಪೆಟ್ಟಿಗೆಗಳು ಹಡಗನ್ನೇರಿ ಆಸ್ಟ್ರೇಲಿಯದ ಸಿಡ್ನಿಯನ್ನು ಸೇರಿದವು. ತಿಂಗಳುಗಟ್ಟಲೆಯ ಕಡಲ ಪಯಣದಲ್ಲಿಯೂ ಗಿಡಗಳು ಬದುಕಿದವು. ಸಾಮ್ರಾಜ್ಯಕ್ಕೆ ಇದಕ್ಕಿಂತ ಉಪಯುಕ್ತವಾದ ಪೆಟ್ಟಿಗೆ ಬೇರೆ ಬೇಕಿರಲಿಲ್ಲ. ರಾಬರ್ಟ್ ಫಾರ್ಚೂನ್ ಚೀನದ ಚಹಾಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ಇವುಗಳಲ್ಲಿಯೇ. 1860ರ ಸುಮಾರಿಗೆ ದಕ್ಷಿಣ ಅಮೆರಿಕದ ಸಿಂಕೋನಾ ಸಸಿಗಳು ನಮ್ಮ ನೀಲಗಿರಿಯತ್ತ ಹೊರಟದ್ದೂ ಇಂತಹ ಪೆಟ್ಟಿಗೆಗಳಲ್ಲಿಯೇ. ಇತ್ತ ಇಂಗ್ಲೆಂಡಿನ ಸಿರಿವಂತರ ದಿವಾನಖಾನೆಗಳಲ್ಲಿ ಜರೀಗಿಡದ ಗೀಳು ಹಬ್ಬಿ, ಕಾಡುಗಳು ಬರಿದಾಗತೊಡಗಿದವು.

ವಾರ್ಡನ ಮನಸ್ಸಿನಲ್ಲಿದ್ದುದು ಇದಿಷ್ಟೇ ಅಲ್ಲ. 1842ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಅವನು ಬಡವರ ಸ್ಥಿತಿಯ ಸುಧಾರಣೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಇಕ್ಕಟ್ಟಾದ ಮನೆಗಳಲ್ಲಿ ಬಾಳುವ ನಗರದ ಬಡಜನರಿಗೂ ಹಸಿರಿನ ಸುಖ ದೊರೆಯಬೇಕೆಂಬುದು ಆ ವೈದ್ಯನ ಆಸೆ. ಪೆಟ್ಟಿಗೆ ಜಗತ್ತನ್ನೇ ಸುತ್ತಿತು. ಬಡವನ ಕಿಟಕಿಯನ್ನು ಮಾತ್ರ ಅಷ್ಟಾಗಿ ತಲುಪಲಿಲ್ಲ.

ಇದೇ ಮಾತನ್ನು ರೋಗಿಯ ಹಾಸಿಗೆಯ ಬಳಿ ನಿಂತು ಹೇಳಿದವಳು ಫ್ಲಾರೆನ್ಸ್ ನೈಟಿಂಗೇಲ್. ಶುಶ್ರೂಷೆಯನ್ನು ಕುರಿತ ಅವಳ ಪ್ರಸಿದ್ಧ ಪುಸ್ತಕದಲ್ಲಿ, ದಿನವೂ ಅದೇ ಗೋಡೆಗಳನ್ನೇ ನೋಡುತ್ತ ಮಲಗುವುದು ರೋಗಿಗೆ ಎಂತಹ ಯಾತನೆ, ಬಣ್ಣದ ಹೂಗಳ ಒಂದು ಗೊಂಚಲು ಎಷ್ಟು ಹಿತ ಎಂಬುದು ನಿರೂಪಿತವಾಗಿದೆ. ಕೋಣೆಯಲ್ಲಿರುವ ಒಂದೆರಡು ಗಿಡಗಳಿಂದ ಗಾಳಿ ಕೆಡುವುದೆಂಬ ಅಂದಿನ ಭಯವನ್ನು ಅವಳು ಪರಿಹಾಸ್ಯ ಮಾಡಿದಳು. ಮನಸ್ಸಿಗೆ ಆದ ಹಿತ ದೇಹಕ್ಕೂ ಇಳಿಯುತ್ತದೆಂಬುದು ಅವಳ ಅನುಭವದ ನುಡಿ.

ಈ ಅನುಭವಕ್ಕೆ ಅಂಕೆಸಂಖ್ಯೆಗಳ ಬೆಂಬಲ ದೊರೆತದ್ದು ಶತಮಾನಕ್ಕೂ ಮಿಕ್ಕು ಕಾಲ ಕಳೆದ ಮೇಲೆ. 1984ರಲ್ಲಿ ರೋಜರ್ ಅಲ್ರಿಚ್ ಎಂಬ ಅಮೆರಿಕದ ಸಂಶೋಧಕನು ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ ಹಳೆಯ ದಾಖಲೆಗಳನ್ನು ಪರಿಶೀಲಿಸಿ ಪ್ರಬಂಧವೊಂದನ್ನು ಪ್ರಕಟಿಸಿದನು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೊಳಗಾದ 46 ರೋಗಿಗಳಲ್ಲಿ 23 ಮಂದಿಯ ಕಿಟಕಿಗೆ ಮರಗಳು ಕಾಣುತ್ತಿದ್ದವು. ಉಳಿದ 23 ಮಂದಿಗೆ ಇಟ್ಟಿಗೆಯ ಗೋಡೆ. ಮರಗಳನ್ನು ಕಂಡವರು ಸರಾಸರಿಯಲ್ಲಿ ಮುಕ್ಕಾಲು ದಿನದಷ್ಟು ಬೇಗ ಮನೆಗೆ ಮರಳಿದರು. ತೀವ್ರವಾದ ನೋವುಶಾಮಕಗಳನ್ನೂ ಕಡಿಮೆ ಬಳಸಿದರು. ರೋಗಿಗಳ ಸಂಖ್ಯೆ ಸಣ್ಣದು, ನಿಜ. ಆದರೂ ಆಸ್ಪತ್ರೆಗಳನ್ನು ಕಟ್ಟುವವರು ಕಿಟಕಿಯನ್ನು ಕುರಿತು ಹೊಸದಾಗಿ ಯೋಚಿಸುವಂತಾಯಿತು.

ಇದಕ್ಕೆ ಕಾರಣವೇನು? ಮಿಷಿಗನ್ ವಿಶ್ವವಿದ್ಯಾನಿಲಯದ ರೇಚೆಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿಗಳು 1989ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟರು. ಲೆಕ್ಕಪತ್ರ, ಓದು, ಜವಾಬ್ದಾರಿಯ ಕೆಲಸಗಳಿಗೆ ನಾವು ಬಲವಂತದಿಂದ ಹಿಡಿದಿಟ್ಟ ಗಮನ ಬೇಕು. ಅದು ಸ್ನಾಯುವಿನಂತೆ ದಣಿಯುತ್ತದೆ. ಎಲೆಯ ಅಲುಗಾಟ, ಬೆಳಕಿನ ಚಲನೆ ಮುಂತಾದವು ಮನಸ್ಸನ್ನು ಮೆಲ್ಲನೆ ಸೆಳೆಯುತ್ತವೆ, ದುಡಿಸುವುದಿಲ್ಲ. ಆ ಅವಧಿಯಲ್ಲಿ ದಣಿದ ಗಮನ ಚೇತರಿಸಿಕೊಳ್ಳುತ್ತದೆ. ಕಣ್ಣಿಗೆ ತಂಪು ಎಂಬ ನಮ್ಮ ನುಡಿಗಟ್ಟು ಈ ಅನುಭವವನ್ನು ಎರಡೇ ಪದಗಳಲ್ಲಿ ಹಿಡಿದಿಟ್ಟಿದೆ.

ಇಲ್ಲಿ ಅತಿಶಯೋಕ್ತಿಗೂ ಎಡೆಯುಂಟು. ಅದೇ 1989ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ, ಮುಚ್ಚಿದ ಪೆಟ್ಟಿಗೆಗಳಲ್ಲಿ ಗಿಡಗಳು ಗಾಳಿಯ ಕಲ್ಮಷವನ್ನು ಹೀರಿದುದನ್ನು ವರದಿಮಾಡಿತು. ಕುಂಡದ ಗಿಡ ಮನೆಯ ಗಾಳಿಯನ್ನೇ ಶುದ್ಧಿಮಾಡುವುದೆಂಬ ನಂಬಿಕೆ ಅಲ್ಲಿಂದ ಹಬ್ಬಿತು. ಗಾಳಿಯಾಡುವ ಸಾಮಾನ್ಯ ಕೋಣೆಯಲ್ಲಿ ಆ ಫಲ ಕಾಣಬೇಕಾದರೆ ಚದರ ಮೀಟರಿಗೆ ಕನಿಷ್ಠ 10 ಗಿಡಗಳಾದರೂ ಬೇಕೆಂದು 2019ರ ವಿಮರ್ಶೆಯೊಂದು ಲೆಕ್ಕಹಾಕಿತು. ಹಾಗೆ ಗಿಡಗಳನ್ನು ತುಂಬಿದರೆ ಮನುಷ್ಯನಿಗೆ ಸ್ಥಳವಿರದು.

ಆದುದರಿಂದ ಗಿಡವನ್ನು ಔಷಧವೆಂದೋ ಯಂತ್ರವೆಂದೋ ಭಾವಿಸಬೇಕಾಗಿಲ್ಲ. ಹೊರಗೆ ಹೋಗಬಲ್ಲವನಿಗೆ ತೋಟವಿದೆ, ಬಯಲಿದೆ. ಹಾಸಿಗೆ ಹಿಡಿದವರಿಗೆ, ವೃದ್ಧರಿಗೆ, ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಕಿಟಕಿಯೇ ಬಯಲು. ಹೊಸ ಮನೆ, ಹೊಸ ಆಸ್ಪತ್ರೆಗಳ ನಕ್ಷೆ ಬರೆಯುವಾಗ ಆ ಕಿಟಕಿ ಯಾವುದರತ್ತ ತೆರೆಯುತ್ತದೆಂದು ಕೇಳುವುದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ. ವಾರ್ಡನು ತನ್ನ ಪುಸ್ತಕದ ಒಂದು ಅಧ್ಯಾಯದಲ್ಲಿ ಬರೆದಿಟ್ಟ ಆ ಕೆಲಸ ಇನ್ನೂ ಮುಗಿದಿಲ್ಲ.