ಪಹಣಿಯ ಹೊಸ ಲೆಕ್ಕ: ‘ಭೂಮಿ’ ಯೋಜನೆಯ ಚರಿತ್ರೆ

ಕಾಯಕವೆಂದರೆ ಮೈಮುರಿದು ದುಡಿಯುವದಷ್ಟೇ ಅಲ್ಲ, ಲೆಕ್ಕವನ್ನು ಶುದ್ಧವಾಗಿ ಇಡುವದೂ ಕಾಯಕವೇ ಎಂಬದನ್ನು ಶಿವಶರಣರ ಚರಿತ್ರೆಯು ತೋರಿಸಿಕೊಡುತ್ತದೆ. ಶ್ರೀ ಬಸವಣ್ಣನವರು ಬಿಜ್ಜಳನ ಆಳಿಕೆಯಲ್ಲಿ ಮೊದಲು ಕರಣಿಕರಾಗಿಯೂ ತರುವಾಯ ಭಂಡಾರಿಗಳಾಗಿಯೂ ಇದ್ದರೆಂದು ಪುರಾಣಗಳು ಹೇಳುತ್ತವೆ. ಸುಂಕದ ಬಂಕಣ್ಣನೆಂಬ ಶರಣನ ಹೆಸರಿನಲ್ಲಿಯೇ ಅವನ ಕಾಯಕವು ಅಡಗಿರುವದು. ಪರರ ಸ್ವತ್ತಿನ ಲೆಕ್ಕವನ್ನು ಕೈಯಲ್ಲಿ ಹಿಡಿದವನು ಸತ್ಯಶುದ್ಧನಾಗಿರದಿದ್ದರೆ ಬಡವನ ಅನ್ನಕ್ಕೆ ಕುತ್ತು ಬರುವದೆಂಬದನ್ನು ಆ ಮಹನೀಯರು ಚೆನ್ನಾಗಿ ಬಲ್ಲವರಾಗಿದ್ದರು. ನಮ್ಮ ನಾಡಿನಲ್ಲಿ ಇಂಥ ಒಂದು ಲೆಕ್ಕವು ಬಹುಕಾಲದ ಹಳೆಯ ಕಡತದಿಂದ ಗಣಕಯಂತ್ರದ ಹೊಸ ಕಡತಕ್ಕೆ ದಾಟಿದ ಸಂಗತಿಯು ವಿಚಾರವಂತರು ಅರಿತುಕೊಳ್ಳತಕ್ಕದ್ದಾಗಿರುವದು. ಅದೇ ‘ಭೂಮಿ’ ಎಂಬ ಹೆಸರಿನ ಯೋಜನೆಯ ಚರಿತ್ರೆ.

ಒಕ್ಕಲುಮಕ್ಕಳಿಗೆ ಪಹಣಿ ಪತ್ರಿಕೆಯ ಮಹತ್ವವನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಉತ್ತರದ ಕಡೆಗೆ ಉತಾರವೆಂದು ಕರೆಯಲ್ಪಡುವ ಈ ಪತ್ರಿಕೆಯಲ್ಲಿ ಹೊಲದ ಸರ್ವೇ ನಂಬರು, ಅದರ ಕ್ಷೇತ್ರ, ಒಡೆಯನ ಹೆಸರು, ಸಾಲದ ಹೊರೆ, ಬೆಳೆಯ ವಿವರ ಇವೆಲ್ಲವೂ ಬರೆಯಲ್ಪಟ್ಟಿರುತ್ತವೆ. ಬ್ಯಾಂಕಿನಲ್ಲಿ ಬೆಳೆಸಾಲ ಎತ್ತಬೇಕಾದರೆ ಪಹಣಿ ಬೇಕು. ಅಣ್ಣತಮ್ಮಂದಿರು ಪಾಲಾಗಬೇಕಾದರೆ ಪಹಣಿ ಬೇಕು. ನ್ಯಾಯಾಲಯದ ಮೆಟ್ಟಲೇರಿದರಂತೂ ಪಹಣಿಯೇ ಮೊದಲ ಸಾಕ್ಷಿ. ಈ ಲೆಕ್ಕದ ಮೂಲವು ಹತ್ತೊಂಬತ್ತನೆಯ ಶತಮಾನದ ಭೂಮಾಪನದಲ್ಲಿದೆ. ಧಾರವಾಡ ಪ್ರಾಂತದಲ್ಲಿ 1840ರ ದಶಕದಲ್ಲಿ ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹೊಲಗಳ ಅಳತೆಯು ನಡೆಯಿತು. ಮೈಸೂರು ಸೀಮೆಯಲ್ಲಿ ಆ ಕಾರ್ಯವು 1863ರಲ್ಲಿ ಆರಂಭವಾಯಿತು. ಅಂದಿನಿಂದ ಊರಿನ ದಫ್ತರವು ಒಂದು ಕಡೆ ಕುಲಕರ್ಣಿಯ ಕೈಯಲ್ಲಿಯೂ ಇನ್ನೊಂದು ಕಡೆ ಶ್ಯಾನಭೋಗನ ಕೈಯಲ್ಲಿಯೂ ವಂಶಪರಂಪರೆಯಾಗಿ ನಡೆದುಬಂದಿತು. 1961ರ ಶಾಸನವು 1963ರಲ್ಲಿ ಜಾರಿಗೆ ಬಂದು ಈ ವಂಶಪರಂಪರೆಯ ಹುದ್ದೆಗಳು ಕೊನೆಗೊಂಡವು. ಅವರ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗರು ಬಂದರು.

ಆದರೆ ಹುದ್ದೆಯ ಹೆಸರು ಬದಲಾದ ಮಾತ್ರಕ್ಕೆ ಲೆಕ್ಕದ ರೀತಿಯು ಬದಲಾಗಲಿಲ್ಲ. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದು, ಒಬ್ಬೊಬ್ಬನ ವಶದಲ್ಲಿ ಮೂರು ನಾಲ್ಕು ಊರುಗಳ ಪುಸ್ತಕಗಳು ಇರುತ್ತಿದ್ದವು. ಪುಸ್ತಕವು ಅವನ ಬಳಿ ಮಾತ್ರ ಇದ್ದುದರಿಂದ ಅದರಲ್ಲಿ ಏನು ಬರೆದಿದೆಯೆಂಬದನ್ನು ರೈತನು ಅವನ ಬಾಯಿಂದಲೇ ಕೇಳಬೇಕಾಗಿತ್ತು. ಅವನು ಊರಲ್ಲಿಲ್ಲದ ದಿನ ಲೆಕ್ಕವೂ ಊರಲ್ಲಿಲ್ಲ. ಒಂದು ನಕಲಿಗಾಗಿ ವಾರಗಟ್ಟಲೆ ಅಲೆದವರೂ ಕೈಬಿಸಿ ಮಾಡಿದವರೂ ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಪ್ರಾಮಾಣಿಕರಾದ ಲೆಕ್ಕಿಗರು ಇರಲಿಲ್ಲವೆಂದಲ್ಲ. ಒಬ್ಬನ ಪ್ರಾಮಾಣಿಕತೆಯ ಮೇಲೆಯೇ ಮೂರು ಊರುಗಳ ಸ್ವತ್ತು ನಿಂತಿತ್ತೆಂಬದೇ ಆ ಪದ್ಧತಿಯ ದೊಡ್ಡ ದೋಷವಾಗಿತ್ತು.

ಈ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸಬೇಕೆಂಬ ವಿಚಾರವು ಹೊಸದಲ್ಲ. ಕೇಂದ್ರಸರಕಾರವು 1988–89ರಲ್ಲಿ ಭೂದಾಖಲೆಗಳ ಗಣಕೀಕರಣಕ್ಕಾಗಿ ಒಂದು ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ 1991ರಲ್ಲಿ ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯಲ್ಲಿ ಮೊದಲ ಪ್ರಯೋಗವು ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿಯು ದೊರೆಯಿತು. ಆದರೂ ರೈತನ ಬವಣೆ ತಪ್ಪಲಿಲ್ಲ. ಇದಕ್ಕೆ ಕಾರಣವು ಸರಳವಾದದ್ದು: ದಿನನಿತ್ಯದ ಹಕ್ಕುಬದಲಾವಣೆಗಳು ಬರೆಯಲ್ಪಡುವದು ತಾಲೂಕಿನ ಮಟ್ಟದಲ್ಲಿ, ಅಲ್ಲಿಗೆ ಯಂತ್ರವನ್ನು ಕೊಡುವ ಏರ್ಪಾಡು ಆ ಯೋಜನೆಯಲ್ಲಿ ಇರಲಿಲ್ಲ. ಯಂತ್ರ ಇದ್ದಲ್ಲಿ ಲೆಕ್ಕ ಹುಟ್ಟುತ್ತಿರಲಿಲ್ಲ. ಲೆಕ್ಕ ಹುಟ್ಟುವಲ್ಲಿ ಯಂತ್ರವಿರಲಿಲ್ಲ. ಹೀಗಾಗಿ ಒಮ್ಮೆ ಏರಿಸಿದ ವಿವರವು ಕೆಲವೇ ತಿಂಗಳಲ್ಲಿ ಹಳಸಿ ನಿರುಪಯೋಗವಾಗುತ್ತಿತ್ತು.

ಈ ಸೋಲಿನಿಂದ ಪಾಠ ಕಲಿತು ರೂಪುಗೊಂಡದ್ದೇ ‘ಭೂಮಿ’. ಶ್ರೀ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ಕಂದಾಯ ಇಲಾಖೆಯ ಅಧಿಕಾರಿಗಳಾದ ಶ್ರೀ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಈ ಕಾರ್ಯವು ಮುಂದುವರಿಯಿತು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಘಟಕವು ಸಿದ್ಧಪಡಿಸಿತು. ಕಾರ್ಯದ ಗಾತ್ರವು ಸಾಮಾನ್ಯವಾದದ್ದಾಗಿರಲಿಲ್ಲ: ಸುಮಾರು 67 ಲಕ್ಷ ಭೂಮಾಲಿಕರ ಸುಮಾರು 2 ಕೋಟಿ ದಾಖಲೆಗಳು. ಯೋಜನೆಗೆ ತಗಲಿದ ಸುಮಾರು 18 ಕೋಟಿ ರೂಪಾಯಿಗಳಲ್ಲಿ ಸುಮಾರು 8 ಕೋಟಿಯು ಹಳೆಯ ಪುಸ್ತಕಗಳ ವಿವರವನ್ನು ಯಂತ್ರಕ್ಕೆ ಏರಿಸುವದಕ್ಕಾಗಿಯೇ ವೆಚ್ಚವಾಯಿತು. ಇಂಥ ಕಾರ್ಯಗಳಲ್ಲಿ ಯಂತ್ರವನ್ನು ಕೊಳ್ಳುವದು ಸುಲಭ, ಲೆಕ್ಕವನ್ನು ದಾಟಿಸುವದೇ ಕಠಿಣವೆಂಬದು ಈ ಅಂಕಿಗಳಿಂದಲೇ ವ್ಯಕ್ತವಾಗುತ್ತದೆ.

ಇನ್ನು ಪರೀಕ್ಷೆಯ ವಿಷಯ. ಹೊಸ ಲೆಕ್ಕವು ಹಳೆಯ ಲೆಕ್ಕದೊಡನೆ ತಾಳೆಯಾಗುವದೋ ಇಲ್ಲವೋ ಎಂಬದನ್ನು ನೋಡದೆ ಅದನ್ನು ರೈತನ ಕೈಗೆ ಕೊಡುವದು ಅಪಾಯಕರವು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಂದು ಸರ್ವೇ ನಂಬರಿನ ಕ್ಷೇತ್ರವು 4 ಎಕರೆ 20 ಗುಂಟೆ ಇದ್ದು, ಮೂವರು ಅಣ್ಣತಮ್ಮಂದಿರಿಗೆ ತಲಾ 1 ಎಕರೆ 20 ಗುಂಟೆ ಬಂದಿದೆಯೆಂದು ತಿಳಿಯೋಣ. ಬರೆಯುವವನು ಒಬ್ಬನ ಪಾಲಿನಲ್ಲಿ 20 ಗುಂಟೆಯ ಬದಲಿಗೆ 2 ಗುಂಟೆಯೆಂದು ಒತ್ತಿದರೆ ಆ ತಮ್ಮನ 18 ಗುಂಟೆ ನೆಲವು ಕಾಗದದ ಮೇಲೆ ಮಾಯವಾಯಿತು! ಮೂರು ಪಾಲುಗಳನ್ನು ಕೂಡಿಸಿ ಒಟ್ಟು ಕ್ಷೇತ್ರದೊಡನೆ ಹೋಲಿಸಿದರೆ ಈ ತಪ್ಪು ಕೂಡಲೇ ಹೊರಬೀಳುವದು. ಇಂಥ ಕೂಡುಕಳೆಯುವ ಕೆಲಸದಲ್ಲಿ ಯಂತ್ರವು ಮನುಷ್ಯನಿಗಿಂತ ಮೇಲು.

ಆದರೆ ಯಂತ್ರದ ಕಣ್ಣಿಗೆ ಬೀಳದ ತಪ್ಪುಗಳೂ ಉಂಟು. ಕ್ಷೇತ್ರವು ಸರಿಯಾಗಿದ್ದು ಅಣ್ಣನ ಹೆಸರಿನ ಸ್ಥಾನದಲ್ಲಿ ಬೇರೆ ಯಾರದೋ ಹೆಸರು ಕುಳಿತರೆ ಮೊತ್ತವೇನೂ ತಪ್ಪುವದಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ವರಿದ್ದರೆ ಯಾವ ಹೊಲವು ಯಾರದೆಂದು ಯಂತ್ರವು ಹೇಗೆ ಬಲ್ಲದು? ಅದನ್ನು ಬಲ್ಲವನು ಊರನ್ನು ಬಲ್ಲವನೇ. ಆದಕಾರಣ ಯಂತ್ರಕ್ಕೆ ಏರಿಸಿದ ವಿವರಗಳನ್ನು ಮುದ್ರಿಸಿ ಗ್ರಾಮಲೆಕ್ಕಿಗರ ಕೈಗೆ ಕೊಡಲಾಯಿತು. ಅವರು ಮೂಲ ಪುಸ್ತಕದೊಡನೆ ಸಾಲುಸಾಲಾಗಿ ಹೋಲಿಸಿ ತಿದ್ದಬೇಕಾಗಿತ್ತು. ಮೇಲಧಿಕಾರಿಗಳು ಅದನ್ನು ಮತ್ತೆ ಪರಿಶೀಲಿಸಬೇಕಾಗಿತ್ತು. ಯಾವ ಪದ್ಧತಿಯಿಂದ ಲೆಕ್ಕಿಗನ ಏಕಸ್ವಾಮ್ಯವು ಕಳೆದುಹೋಗುವದಿತ್ತೋ ಆ ಪದ್ಧತಿಯ ಶುದ್ಧತೆಗೆ ಆ ಲೆಕ್ಕಿಗನೇ ಹೊಣೆಗಾರನಾಗಬೇಕಾಯಿತು. ಈ ಚರಿತ್ರೆಯಲ್ಲಿ ಇದಕ್ಕಿಂತ ವಿಚಾರಾರ್ಹವಾದ ಸಂಗತಿಯು ಇನ್ನೊಂದಿಲ್ಲ. ತನ್ನ ಅಧಿಕಾರವು ಕುಗ್ಗುವದೆಂದು ಬಲ್ಲ ಮನುಷ್ಯನಿಂದ ಶ್ರದ್ಧೆಯ ಕೆಲಸವನ್ನು ಪಡೆಯುವದು ಎಷ್ಟು ಕಠಿಣವೆಂಬದನ್ನು ಆಡಳಿತವನ್ನು ನಡೆಸಿದವರೆಲ್ಲರೂ ಬಲ್ಲರು. ಶ್ರದ್ಧೆಯಿಂದ ಓದಿ ನೋಡಿದ ಊರುಗಳಲ್ಲಿ ಪಹಣಿ ಶುದ್ಧವಾಗಿ ಬಂದಿತು. ಕಣ್ಣುಮುಚ್ಚಿ ರುಜು ಮಾಡಿದಲ್ಲಿ ಹಳೆಯ ತಪ್ಪುಗಳ ಜೊತೆಗೆ ಹೊಸ ತಪ್ಪುಗಳೂ ಸೇರಿಕೊಂಡವು.

ಇದಲ್ಲದೆ ಮತ್ತೊಂದು ತೊಡಕು ಇದ್ದಿತು. ಪುಸ್ತಕವನ್ನು ಯಂತ್ರಕ್ಕೆ ಏರಿಸುತ್ತಿರುವಾಗ ಲೋಕವ್ಯವಹಾರವು ನಿಲ್ಲುವದಿಲ್ಲ. ಹೊಲಗಳು ಮಾರಲ್ಪಡುತ್ತವೆ, ಹಿರಿಯರು ಲಿಂಗೈಕ್ಯರಾಗುತ್ತಾರೆ, ಮಕ್ಕಳು ಪಾಲಾಗುತ್ತಾರೆ. ಇಂದು ಏರಿಸಿದ ಸಾಲು ನಾಳೆಗೆ ಹಳೆಯದಾಗುವದು. ಆದುದರಿಂದ ನಡುವಣ ಕಾಲದ ಬದಲಾವಣೆಗಳನ್ನೆಲ್ಲ ಕೂಡಿಸಿ ಹೊಸ ಲೆಕ್ಕವು ಹಳೆಯದನ್ನು ಹಿಡಿದು ಮುಟ್ಟುವಂತೆ ಮಾಡಿದ ಮೇಲೆಯೇ ಒಂದು ತಾಲೂಕಿನಲ್ಲಿ ಕೇಂದ್ರವನ್ನು ತೆರೆಯುವದು ಸಾಧ್ಯವಾಗುತ್ತಿತ್ತು. ನಾಡಿನಲ್ಲೆಲ್ಲ ಒಂದೇ ದಿನ ಇದನ್ನು ಆರಂಭಿಸುವ ಸಾಹಸಕ್ಕೆ ಯಾರೂ ಕೈಹಾಕಲಿಲ್ಲ. ಮೊದಲು ಆಯ್ದ ಕೆಲವೇ ತಾಲೂಕುಗಳಲ್ಲಿ ನಡೆಯಿಸಿ, ಅಲ್ಲಿ ಕಂಡ ಕುಂದುಕೊರತೆಗಳನ್ನು ಸರಿಪಡಿಸಿಕೊಂಡು, ಆ ಮೇಲೆ ಉಳಿದೆಡೆಗೆ ವಿಸ್ತರಿಸಲಾಯಿತು. 2002ರ ಹೊತ್ತಿಗೆ ರಾಜ್ಯದ ತಾಲೂಕು ಕಚೇರಿಗಳಲ್ಲೆಲ್ಲ ‘ಭೂಮಿ’ ಕೇಂದ್ರಗಳು ಕಾಣಿಸಿಕೊಂಡವು.

ಕೇಂದ್ರವು ತೆರೆದ ತಾಲೂಕಿನಲ್ಲಿ ಕೈಬರಹದ ಪಹಣಿಯನ್ನು ಕೊಡುವದು ನಿಷೇಧಿಸಲ್ಪಟ್ಟಿತು. ಇದು ಇಡೀ ಯೋಜನೆಯ ಅತ್ಯಂತ ಗಂಭೀರವಾದ ನಿರ್ಣಯವಾಗಿತ್ತು. ಹಳೆಯ ಪುಸ್ತಕವು ತೆರೆದೇ ಇದ್ದರೆ ಎರಡು ಲೆಕ್ಕಗಳು ನಡೆದು ಎರಡು ಸತ್ಯಗಳು ಹುಟ್ಟುತ್ತಿದ್ದವು. ರೈತನು ಯಾವದನ್ನು ನಂಬಬೇಕು? ಆದರೆ ಹಳೆಯದನ್ನು ಮುಚ್ಚಿದ ದಿನವೇ ಹೊಸದರಲ್ಲಿ ಉಳಿದ ಪ್ರತಿಯೊಂದು ತಪ್ಪೂ ಕಾನೂನಿನ ಬಲವನ್ನು ಪಡೆಯುವದೆಂಬದೂ ಅಷ್ಟೇ ನಿಜ. ಅಲ್ಲಿಯವರೆಗೆ ಪರೀಕ್ಷೆಯ ಭಾರವು ಸರಕಾರದ ಮೇಲಿತ್ತು. ಅಂದಿನಿಂದ ತಪ್ಪನ್ನು ತೋರಿಸಿಕೊಡುವ ಭಾರವು ರೈತನ ಹೆಗಲಿಗೆ ಬಂದಿತು.

ಕೇಂದ್ರದ ನಡಾವಳಿಯಲ್ಲಿ ಹಲವು ಒಳ್ಳೆಯ ಏರ್ಪಾಡುಗಳಿದ್ದವು. 15 ರೂಪಾಯಿ ಶುಲ್ಕ ಕೊಟ್ಟ ಯಾವನಾದರೂ ಪಹಣಿಯ ಪ್ರತಿಯನ್ನು ಅಲ್ಲಿಯೇ ಪಡೆಯಬಹುದಾಗಿತ್ತು. ಬರೆಯುವವನು ಮಾಡುತ್ತಿರುವದನ್ನು ಎದುರಿಗೆ ನಿಂತವನೂ ನೋಡುವಂತೆ ಇನ್ನೊಂದು ತೆರೆಯು ಹೊರಮುಖವಾಗಿ ಇಡಲ್ಪಟ್ಟಿತ್ತು. ಯಂತ್ರವನ್ನು ಬಳಸುವ ನೌಕರನು ಹೆಬ್ಬೆರಳಿನ ಗುರುತನ್ನು ಕೊಟ್ಟೇ ಒಳಹೋಗಬೇಕಾದುದರಿಂದ ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬದು ಮರೆಯಾಗುತ್ತಿರಲಿಲ್ಲ. ಹಕ್ಕುಬದಲಾವಣೆಯ ಅರ್ಜಿಗಳಿಗೆ ಸರತಿ ಸಂಖ್ಯೆ ಬಿದ್ದು, ಮೊದಲು ಬಂದದ್ದು ಮೊದಲು ತೀರಬೇಕೆಂಬ ನಿಯಮವನ್ನು ಯಂತ್ರವೇ ಕಾಯುತ್ತಿತ್ತು. ಬಲ್ಲಿದನ ಅರ್ಜಿ ಮುಂದಕ್ಕೂ ಬಡವನ ಅರ್ಜಿ ಹಿಂದಕ್ಕೂ ಸರಿಯುವಂತಿರಲಿಲ್ಲ. ಆಕ್ಷೇಪಣೆಗಾಗಿ 30 ದಿನಗಳ ತಿಳಿವಳಿಕೆಯನ್ನು ಕೊಡಬೇಕೆಂಬ ಹಳೆಯ ಕಟ್ಟಳೆಯು ಹಾಗೆಯೇ ಉಳಿಯಿತು. ಈ ಕೇಂದ್ರಗಳಲ್ಲಿ ಗ್ರಾಮಲೆಕ್ಕಿಗರಲ್ಲಿಯೇ ತರಬೇತಿ ಪಡೆದವರನ್ನು ಕುಳ್ಳಿರಿಸಲಾಯಿತು. ಯಂತ್ರವು ಕೆಟ್ಟರೆ, ತಂತ್ರಾಂಶವು ಮುಗ್ಗರಿಸಿದರೆ ನೋಡಿಕೊಳ್ಳಲು ಜಿಲ್ಲೆಗಳಲ್ಲಿ ತಾಂತ್ರಿಕ ಸಲಹೆಗಾರರು ನೇಮಿಸಲ್ಪಟ್ಟರು. ಆರಂಭದ ದಿನ ತೋರಣ ಕಟ್ಟುವದು ಸುಲಭ. ಆರು ತಿಂಗಳ ಮೇಲೆ ನಿಂತ ಯಂತ್ರವನ್ನು ಮತ್ತೆ ನಡೆಯಿಸುವವನೇ ನಿಜವಾದ ಕಾಯಕದವನು.

ಫಲವೇನಾಯಿತು? ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯು 2002ರಲ್ಲಿ ಬಳಕೆದಾರರನ್ನು ವಿಚಾರಿಸಿ ವರದಿಯನ್ನು ಸಿದ್ಧಪಡಿಸಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66 ಮಂದಿ. ಹೊಸ ಕೇಂದ್ರಗಳಲ್ಲಿ ನೂರಕ್ಕೆ 3 ಮಂದಿ. ಪಹಣಿಯ ನಕಲಿಗೆ ಸಂಬಂಧಪಟ್ಟಂತೆ ಇದು ಸಣ್ಣ ಸುಧಾರಣೆಯಲ್ಲ. ಆದರೆ ಚರಿತ್ರೆಯನ್ನು ಬರೆಯುವಾಗ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. 2007ರಲ್ಲಿ ಶ್ರೀ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಬೆಂಗಳೂರಿನ ಸುತ್ತಣ ಪ್ರದೇಶದಲ್ಲಿ ಈ ಪದ್ಧತಿಯಿಂದ ಲಂಚವು ತಗ್ಗಲಿಲ್ಲವೆಂದೂ, ದಾಖಲೆಗಳು ಒಂದೆಡೆ ಸೇರಿದ್ದರಿಂದ ದೊಡ್ಡ ಭೂವ್ಯವಹಾರಸ್ಥರಿಗೆ ಸಣ್ಣ ಹಿಡುವಳಿದಾರರಿಗಿಂತ ಹೆಚ್ಚಿನ ಅನುಕೂಲವಾಯಿತೆಂದೂ ವಾದಿಸಿತು. ಹೆಸರು, ಕ್ಷೇತ್ರಗಳ ತಪ್ಪುಗಳನ್ನು ತಿದ್ದುವದಕ್ಕಾಗಿ ಕಂದಾಯ ಇಲಾಖೆಯು ಅದಾಲತ್ತುಗಳನ್ನು ನಡೆಸಬೇಕಾಗಿ ಬಂದದ್ದನ್ನೂ ಎಲ್ಲರೂ ಬಲ್ಲರು. ಒಂದು ಅಕ್ಷರದ ತಪ್ಪಿಗಾಗಿ ಬೆಳೆಸಾಲ ತಪ್ಪಿಸಿಕೊಂಡ ರೈತನಿಗೆ ನೂರಕ್ಕೆ ಮೂರು ಎಂಬ ಅಂಕಿಯು ಸಮಾಧಾನವನ್ನು ಕೊಡಲಾರದು.

ಈ ಎರಡು ಮುಖಗಳನ್ನೂ ಒಟ್ಟಿಗೆ ನೋಡಿದರೆ ತತ್ತ್ವವೊಂದು ಹೊರಡುತ್ತದೆ. ಯಂತ್ರವು ತನಗೆ ಕೊಟ್ಟದ್ದನ್ನು ಕಾಯುತ್ತದೆ: ಶುದ್ಧವನ್ನು ಕೊಟ್ಟರೆ ಶುದ್ಧವನ್ನೂ, ಅಶುದ್ಧವನ್ನು ಕೊಟ್ಟರೆ ಅಶುದ್ಧವನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಲೆಕ್ಕದ ಶುದ್ಧಿಯು ಯಂತ್ರದಲ್ಲಿಲ್ಲ. ಅದನ್ನು ಒಪ್ಪಿಸುವ ಮೊದಲು ಓದಿ ನೋಡುವ ಕಣ್ಣಿನಲ್ಲಿ, ಒಪ್ಪಿಸಿದ ಮೇಲೆ ತಿದ್ದಲು ಸಿದ್ಧವಿರುವ ಮನಸ್ಸಿನಲ್ಲಿ ಇರುವದು. ಕೇಂದ್ರಸರಕಾರವು 2008ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಭೂದಾಖಲೆಗಳ ಆಧುನೀಕರಣದ ಕಾರ್ಯಕ್ರಮವನ್ನು ಕೈಗೊಂಡಿತು. ಅದಕ್ಕೆ ಮುಂಚೆಯೇ ಈ ದಾರಿಯನ್ನು ತುಳಿದ ಹೆಮ್ಮೆಯೂ, ದಾರಿಯ ಮುಳ್ಳುಗಳನ್ನು ಮೊದಲು ಮೆಟ್ಟಿದ ಅನುಭವವೂ ಕರ್ನಾಟಕಕ್ಕೆ ಸೇರಿರುವವು.

ಇಂದು ಪಹಣಿಯು ಅಂತರ್ಜಾಲದ ಮೂಲಕವೂ ದೊರೆಯುತ್ತಿರುವದರಿಂದ ಅದನ್ನು ನೋಡುವದು ಹಿಂದೆಂದಿಗಿಂತಲೂ ಸುಲಭವಾಗಿದೆ. ಆದಕಾರಣ ಶ್ರೀಮಠದ ಸದ್ಭಕ್ತರು ವರ್ಷಕ್ಕೊಮ್ಮೆಯಾದರೂ ತಮ್ಮ ಹೊಲದ ಪಹಣಿಯನ್ನು ತೆಗೆಯಿಸಿ ಹೆಸರು, ಸರ್ವೇ ನಂಬರು, ಎಕರೆ, ಗುಂಟೆ ಇವುಗಳನ್ನು ಓದಿ ನೋಡುವದು ಉಚಿತವು. ಓದು ಬಾರದ ನೆರೆಯವರಿಗೆ, ವಿಧವೆಯರಿಗೆ, ವೃದ್ಧರಿಗೆ ಓದಿ ಹೇಳಿ ತಪ್ಪಿದ್ದಲ್ಲಿ ಅರ್ಜಿ ಬರೆದುಕೊಡುವದು ಅದಕ್ಕಿಂತಲೂ ಉಚಿತವು. ಅನ್ನದಾಸೋಹದಂತೆ ಇದೂ ಒಂದು ದಾಸೋಹವೆಂದು ಭಾವಿಸಿ ನಡೆದರೆ, ಸರಕಾರದ ಪರೀಕ್ಷೆಯಲ್ಲಿ ಉಳಿದುಹೋದ ಕೊರತೆಯು ಸಮಾಜದ ಎಚ್ಚರದಿಂದ ತುಂಬಿಬರುವದು.