ಮೀಸೆಯ ಹಿಂದಿನ ಮನೆಗಳು

ಕಾಡುಗಳ್ಳ ವೀರಪ್ಪನ್ ಹೆಸರು ಹೇಳಿದರೆ ಬೇರೆ ಊರುಗಳಲ್ಲಿ ಮೀಸೆ ನೆನಪಾಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಊರುಗಳ ಹೆಸರುಗಳೇ ಮೊದಲು ಬರುತ್ತವೆ. 1986ರಲ್ಲಿ ಸಿಕ್ಕಿಬಿದ್ದವನು ತಪ್ಪಿಸಿಕೊಂಡದ್ದು ಬೂದಿಪಡಗದ ಅರಣ್ಯ ಅತಿಥಿಗೃಹದಿಂದ. 1997ರ ಅಕ್ಟೋಬರ್‌ನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರನ್ನು ಅವನು ಎತ್ತಿಕೊಂಡು ಹೋದದ್ದು ಬಂಡೀಪುರದ ಕಡೆಯಿಂದ. ಅವರಿಬ್ಬರೂ ಹದಿನಾಲ್ಕು ದಿನಗಳ ನಂತರ ಮನೆಗೆ ಮರಳಿದರು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ.

1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಕೊಲೆಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ನೆಲಬಾಂಬಿಗೆ 22 ಜನ ಬಲಿಯಾದರು. ಆಮೇಲೆ ನಡೆದದ್ದು ಸಾಮೂಹಿಕ ಬಂಧನ. ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯ್ದೆ 1995ರಲ್ಲೇ ಅವಧಿ ಮುಗಿದು ಬಿದ್ದುಹೋದರೂ, ಅದರಡಿ ಹಿಡಿದು ತಂದ ಕಾಡಂಚಿನ ಜನ ಮೈಸೂರು ಜೈಲಿನಲ್ಲೇ ಉಳಿದರು.

2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ನಟ ರಾಜ್‌ಕುಮಾರ್ ಅಪಹರಣವಾದಾಗ ಈ ಕೈದಿಗಳ ನೆನಪು ಸರ್ಕಾರಕ್ಕೆ ದಿಢೀರನೆ ಬಂತು. ಅವರನ್ನು ಬಿಡಿ ಎಂಬುದು ವೀರಪ್ಪನ್ ಬೇಡಿಕೆಗಳಲ್ಲೊಂದು. ಸರ್ಕಾರ ಟಾಡಾ ಆರೋಪ ಕೈಬಿಡಲು ಹೊರಟಿತು. ಅಡ್ಡ ನಿಂತವರು ಪೊಲೀಸ್ ವರಿಷ್ಠರಲ್ಲ, ವಿರೋಧ ಪಕ್ಷವೂ ಅಲ್ಲ. ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಮಗನನ್ನು ಕೊಂದ ಆರೋಪ ಹೊತ್ತವರನ್ನು ಒಬ್ಬ ನಟನಿಗಾಗಿ ಬಿಡುವುದು ಯಾವ ನ್ಯಾಯವೆಂದು ಅವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಇಡೀ ಕರ್ನಾಟಕ ಅಣ್ಣಾವ್ರಿಗಾಗಿ ಹರಕೆ ಹೊತ್ತಿದ್ದ ದಿನಗಳಲ್ಲಿ ಹಾಗೆ ಕೇಳಲು ಎಂಥ ಗಟ್ಟಿತನ ಬೇಕಿತ್ತೋ! ನವೆಂಬರ್ 7ರಂದು ತೀರ್ಪು ಅವರ ಪರ ಬಂತು. ಎಂಟು ದಿನಗಳ ನಂತರ, ಒಟ್ಟು 108 ದಿನಗಳ ಸೆರೆ ಮುಗಿಸಿ ರಾಜ್‌ಕುಮಾರ್ ಹೊರಬಂದರು.

ಅದೇ ವರ್ಷ ಶ್ರೀಲಂಕಾದಲ್ಲಿ ಸರ್ಕಾರ ಒಬ್ಬ ತಂದೆಯ ಕಥೆಗೆ ಬೆದರಿ ಕುಳಿತಿತ್ತು. ಪ್ರಸನ್ನ ವಿತಾನಗೆ ನಿರ್ದೇಶನದ ‘ಪುರಹಂದ ಕಲುವರ’ ಎಂಬ ಸಿಂಹಳ ಚಿತ್ರದಲ್ಲಿ ಯುದ್ಧಕ್ಕೆ ಹೋದ ಮಗನ ಮುಚ್ಚಿದ ಶವಪೆಟ್ಟಿಗೆ ಮನೆಗೆ ಬಂದರೂ ಕುರುಡ ತಂದೆ ಸಾವನ್ನು ಒಪ್ಪುವುದಿಲ್ಲ. ಚಿತ್ರದ ಪ್ರದರ್ಶನವನ್ನು ತಡೆಹಿಡಿಯಲಾಯಿತು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸಿತು.

ಇಲ್ಲಿ ತೆರೆಗೆ ಬಂದದ್ದು ಅಂಥ ತಂದೆಯ ಕಥೆಯಲ್ಲ, ವೀರಪ್ಪನ್ ಬೇಟೆಯ ಕಥೆಯೇ. ‘ಅಟ್ಟಹಾಸ’ (2013) ತಡೆಯಬೇಕೆಂದು ವೀರಪ್ಪನ್ ಪತ್ನಿ ಮುತ್ತುಲಕ್ಷ್ಮಿ ಕೋರ್ಟಿಗೆ ಹೋದರು. ‘ಕಿಲ್ಲಿಂಗ್ ವೀರಪ್ಪನ್’ನಲ್ಲಿ (2016) ಪೊಲೀಸ್ ಅಧಿಕಾರಿಯಾಗಿ ನಟಿಸಿದವರು ಅಪಹೃತ ರಾಜ್‌ಕುಮಾರ್ ಅವರ ಮಗ ಶಿವರಾಜ್‌ಕುಮಾರ್. 2002ರ ಆಗಸ್ಟ್‌ನಲ್ಲಿ ಕಾಮಗೆರೆಯಿಂದ ಅಪಹೃತರಾಗಿ ಡಿಸೆಂಬರ್‌ನಲ್ಲಿ ಶವವಾಗಿ ಸಿಕ್ಕ ಮಾಜಿ ಸಚಿವ ಎಚ್. ನಾಗಪ್ಪನವರ ಮನೆ ಈ ಕಥೆಗಳ ಕೇಂದ್ರಕ್ಕೆ ಬರಲಿಲ್ಲ. ಅವರ ಪತ್ನಿ ಪರಿಮಳಾ 2004ರಲ್ಲಿ ಹನೂರಿನಿಂದ ಶಾಸಕಿಯಾದರು.

ಇನ್ನು ಜೈಲಿನವರ ಮನೆಗಳು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಬಹುಪಾಲು ಜನರನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಹಲವರ ಎಂಟು ವರ್ಷ ಒಳಗೇ ಕಳೆದಿತ್ತು. ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಸೋಲಿಗರೂ ಕಾಡಂಚಿನ ತಮಿಳರೂ ವೀರಪ್ಪನ್ ಬೇಟೆಗೆ ನಿಂತ ಕಾರ್ಯಪಡೆಯ ಮಾದೇಶ್ವರ ಬೆಟ್ಟದ ಶಿಬಿರದ ‘ವರ್ಕ್‌ಶಾಪ್’ನಲ್ಲಿ ಅನುಭವಿಸಿದ ಹಿಂಸೆಯನ್ನು ಹೇಳಿಕೊಂಡರು. 2007ರಲ್ಲಿ 89 ಜನರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಅವರ ಪಾಡನ್ನು ಕಾದಂಬರಿಯಾಗಿಸಿದವರು ತಮಿಳಿನ ವಕೀಲ ಎಸ್. ಬಾಲಮುರುಗನ್, ಹೆಸರು ‘ಸೋಳಗರ್ ತೊಟ್ಟಿ’.