ಧಾರವಾಡದ ಗಾಯನವೂ ನಾಡಿನ ಕಲ್ಪನೆಯೂ

ಕರ್ನಾಟಕ ಏಕೀಕರಣದ ವಿಚಾರಕ್ಕೆ ಧಾರವಾಡವು ತವರುಮನೆಯಾಗಿದ್ದಿತು. ಹಿಂದುಸ್ತಾನಿ ಸಂಗೀತಕ್ಕೂ ಅದೇ ಊರು ಆಶ್ರಯವಿತ್ತಿತು. ಭಾಷೆಯ ವಿಷಯದಲ್ಲಿ ಮರಾಠಿಯ ಪ್ರಾಬಲ್ಯವನ್ನು ಪ್ರತಿಭಟಿಸಿದ ಜನವೇ ಸಂಗೀತಕ್ಕಾಗಿ ಮಿರಜ, ಮುಂಬಯಿಗಳ ಗುರುಗಳನ್ನು ಅರಸಿಕೊಂಡು ಹೋದುದು ವಿಚಾರಣೀಯವಾದ ಸಂಗತಿಯಾಗಿದೆ.

19ನೆಯ ಶತಮಾನದ ಸರಕಾರಿ ಕಾಗದಪತ್ರಗಳಲ್ಲಿ ಈ ಸೀಮೆಗೆ ‘ದಕ್ಷಿಣ ಮರಾಠಾ ದೇಶ’ವೆಂದು ಹೆಸರು. ರೇಲ್ವೆ ಕಂಪನಿಯೂ ಅದನ್ನೇ ತಳೆಯಿತು. ಧಾರವಾಡದಲ್ಲಿದ್ದ ಅದರ ಕಚೇರಿಯ ಭವನದಲ್ಲಿ ಮುಂದೆ ಕರ್ನಾಟಕ ಕಾಲೇಜು ನೆಲೆಸಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬೇಕು. ಇಂಥ ಹೆಸರುಗಳ ನಡುವೆ 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು.

ಗಾಯಕರ ದಾರಿ ಬೇರೆ. ಉತ್ತರದ ಕಿರಾಣಾದಿಂದ ಬಂದು ಮಿರಜದಲ್ಲಿ ನೆಲೆಸಿದ ಅಬ್ದುಲ್ ಕರೀಂಖಾನರು ಮೈಸೂರ ಅರಮನೆಯಲ್ಲಿಯೂ ಮನ್ನಣೆ ಪಡೆದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯಲ್ಲಿ ‘ಸವಾಯಿ ಗಂಧರ್ವ’ರೆನಿಸಿ, ತಿರುಗಿ ಕುಂದಗೋಳದಲ್ಲಿಯೇ ಶಿಷ್ಯರಿಗೆ ಕಲಿಸಿದರು. ಮಲ್ಲಿಕಾರ್ಜುನ ಮನಸೂರರ ಉದಾಹರಣೆಯು ಇನ್ನೂ ಸ್ಪಷ್ಟ. ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಇವರು ಮಿರಜದ ನೀಲಕಂಠಬುವಾ ಅವರಲ್ಲಿಯೂ, ತರುವಾಯ ಅಲ್ಲಾದಿಯಾಖಾನರ ಮಕ್ಕಳಾದ ಮಂಜಿಖಾನ, ಬುರ್ಜಿಖಾನರಲ್ಲಿಯೂ ಕಲಿತರು. ಆ ವಿದ್ಯೆಯಿಂದಲೇ ಶಿವಶರಣರ ವಚನಗಳನ್ನು ಹಾಡಿದರು. ಖಾನ್ ಮನೆತನದ ಪಾಠಾಂತರದಲ್ಲಿ ಕಲ್ಯಾಣದ ನುಡಿ! ಇದನ್ನು ಪರಕೀಯ ಪ್ರಭಾವವೆಂದು ಕರೆಯುವದು ನಮಗೆ ಒಪ್ಪಿಗೆಯಿಲ್ಲ. ಎರವಲು ತಂದುದು ಮನೆಯ ಸೊತ್ತೇ ಆಗಿದೆ.

1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಅಲ್ಲಿಯೇ ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಪ್ರಥಮ ಏಕೀಕರಣ ಪರಿಷತ್ತಿನ ಅಧ್ಯಕ್ಷರಾದರು. ಹುಯಿಲಗೋಳ ನಾರಾಯಣರಾಯರ ನಾಡಗೀತವೂ ಅಲ್ಲಿಯೇ ಮೊದಲು ಕೇಳಿಬಂದಿತು. ಸ್ವಾಗತಗೀತ ಹಾಡಿದವರಲ್ಲಿ ಧಾರವಾಡದ ಶಾಲಾಬಾಲಿಕೆ ಗಂಗೂಬಾಯಿಯೂ ಒಬ್ಬಳು. ರಾಷ್ಟ್ರದ ವೇದಿಕೆಯಲ್ಲಿ ಹಾಡಿದ ಈ ಹುಡುಗಿಯನ್ನು ಸ್ವಂತ ಊರಿನ ಶುಕ್ರವಾರಪೇಟೆಯ ಬ್ರಾಹ್ಮಣ ಓಣಿಯಲ್ಲಿ ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದರು. ಏಕೀಕರಣದ ಇತಿಹಾಸಕಾರರು ಪ್ರಾಂತದ ಗಡಿಗಳನ್ನು ಬಹು ಶ್ರದ್ಧೆಯಿಂದ ಗುರುತಿಸಿದ್ದಾರೆ. ಓಣಿಯ ಗಡಿಗಳನ್ನು ಅಷ್ಟು ಶ್ರದ್ಧೆಯಿಂದ ಗುರುತಿಸಿಲ್ಲ. ನಾಡು ಯಾರದೆಂಬ ಪ್ರಶ್ನೆಗೆ ಉತ್ತರ ಹುಡುಕುವವರು ಎರಡನೆಯದನ್ನೂ ನೋಡಬೇಕಾಗುವದು.

ಸವಾಯಿ ಗಂಧರ್ವರ ಬಳಿ ಕಲಿತು, ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರಿಗೆ 2002ರಲ್ಲಿ ಪದ್ಮವಿಭೂಷಣ ಸಂದಿತು. 2009ರಲ್ಲಿ ಅವರು ತೀರಿಕೊಂಡರು. ಕರ್ನಾಟಕ ಸಂಗೀತದ ಹಳೆಯ ನೆಲೆಯಾದ ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯವು ಈ ಹಿಂದುಸ್ತಾನಿ ಗಾಯಕಿಯ ಹೆಸರನ್ನೇ ಹೊತ್ತಿದೆ.